ಒಂದು ಡೋಲೊ ತಗೋ ಮಗಾ!

ಇಂಟರ್ನಲ್ಸ್ ಹಿಂದಿನ ರಾತ್ರಿ ಯಾರಿಗಾದ್ರೂ ತಲೆ ಸಿಡಿಯಿತು ಅಂದ್ರೆ ಸಾಕು, "ಒಂದು ಡೋಲೊ ತಗೋ ಮಗಾ, ಸರಿಹೋಗುತ್ತೆ" ಅನ್ನೋ ಡಾಕ್ಟರುಗಳು ಹಾಸ್ಟೆಲಿನ ಪ್ರತಿ ರೂಮಲ್ಲೂ ಇದ್ದೇವೆ. ಒಂದಕ್ಕೆ ಕಡಿಮೆಯಾಗದಿದ್ದರೆ ಇನ್ನೊಂದು. ಮೂಗು ಸೋರುತ್ತಿದ್ದರೆ ಜೊತೆಗೊಂದು ನೆಗಡಿ ಮಾತ್ರೆ. ಲೆಕ್ಕವಿಲ್ಲದ ಈ ವೈದ್ಯವನ್ನು ನಾವು ನಿಲ್ಲಿಸಬೇಕು.

ಯಾಕೆ ಅಂತೀರಾ? ನಾವು ನುಂಗಿದ ಪ್ಯಾರಾಸಿಟಮಾಲ್‌ನ ಬಹುಪಾಲನ್ನು ಲಿವರ್ ಹಾನಿಯಿಲ್ಲದ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಸ್ವಲ್ಪ ಭಾಗ ಮಾತ್ರ 'ಎನ್‌ಎಪಿಕ್ಯುಐ' ಎಂಬ ವಿಷವಾಗುತ್ತದೆ. ಅದನ್ನು ಹಿಡಿದು ಸುಮ್ಮನಾಗಿಸಲು ಜೀವಕೋಶದಲ್ಲಿ ಗ್ಲುಟಾಥಯೋನ್‌ನ ದಾಸ್ತಾನಿದೆ. ಮಾತ್ರೆ ಮಿತಿ ಮೀರಿದರೆ ವಿಷ ಹೆಚ್ಚುತ್ತದೆ, ದಾಸ್ತಾನು ಬರಿದಾಗುತ್ತದೆ. ಆಮೇಲೆ ಆ ವಿಷ ಜೀವಕೋಶದ ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತದೆ. ಮೈಟೊಕಾಂಡ್ರಿಯ ಕೆಟ್ಟು, ಶಕ್ತಿ ಸಿಗದೆ ಕೋಶ ಸಾಯುತ್ತದೆ. ಸರಿಯಾಗಿ ಉಣ್ಣದವರಲ್ಲಿ, ದಿನಾ ಕುಡಿಯುವವರಲ್ಲಿ ಈ ದಾಸ್ತಾನು ಮೊದಲೇ ಕಡಿಮೆ. ಮೆಸ್ ಊಟ ಬಿಟ್ಟು ಓದೋರು ನಾವೇ ತಾನೇ?

ಲೆಕ್ಕವಂತೂ ನಮಗೆ ಬರುತ್ತೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ ಗರಿಷ್ಠ ಮಿತಿ 4 ಗ್ರಾಂ. 650 ಮಿ.ಗ್ರಾಂ.ನ 6 ಮಾತ್ರೆ ಅಂದ್ರೆ 3.9 ಗ್ರಾಂ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಇದೇ ಪ್ಯಾರಾಸಿಟಮಾಲ್ ಇರುತ್ತೆ. ಹೆಸರು ಬೇರೆ, ಸರಕು ಒಂದೇ. ನೋಡದೆ ನುಂಗಿದರೆ ಮಿತಿ ದಾಟಿದ್ದೇ ಗೊತ್ತಾಗಲ್ಲ.

ಇನ್ನೂ ದೊಡ್ಡ ಮೋಸ ಅಂದ್ರೆ, ಮೊದಲ ದಿನ ವಾಕರಿಕೆ ಬಿಟ್ಟರೆ ಏನೂ ಕಾಣಿಸದಿರಬಹುದು. ವಾಕರಿಕೆ ನಿಂತು ಗುಣವಾದಂತೆಯೂ ಅನಿಸಬಹುದು. ಒಳಗೆ ಲಿವರ್ ಕೆಡುತ್ತಲೇ ಇರುತ್ತದೆ. ಗ್ಲುಟಾಥಯೋನ್ ಮತ್ತೆ ತುಂಬಿಸುವ ಮದ್ದಿದೆ, ಎನ್-ಅಸಿಟೈಲ್‌ಸಿಸ್ಟೀನ್. 8 ಗಂಟೆಯೊಳಗೆ ಕೊಟ್ಟರೆ ಅದು ಅತ್ಯಂತ ಪರಿಣಾಮಕಾರಿ. ತಡವಾದರೂ ಆಸ್ಪತ್ರೆಗೆ ಹೋಗಲೇಬೇಕು. ಹಾಗಾಗಿ ಗೆಳೆಯನೋ ಗೆಳತಿಯೋ ಗೊತ್ತಿಲ್ಲದೆ ಆಗಲಿ, ಮನಸ್ಸು ನೊಂದು ಆಗಲಿ, ಹೆಚ್ಚು ನುಂಗಿದ್ದಾರೆ ಅಂತ ತಿಳಿದರೆ ಬೈಯುತ್ತಾ ಕೂರಬೇಡಿ, ಬೆಳಗಾಗಲಿ ಅಂತ ಕಾಯಬೇಡಿ. ವಾರ್ಡನ್‌ರನ್ನು ಎಬ್ಬಿಸಿ, ಖಾಲಿ ಸ್ಟ್ರಿಪ್ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಜೊತೆಗೇ ಇರಿ.

ಮಾತ್ರೆ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಮಿತಿಯಲ್ಲಿದ್ದರೆ ಅದು ಒಳ್ಳೆಯ ಮದ್ದೇ. ಸ್ಟ್ರಿಪ್ಪಿನ ಹಿಂಭಾಗ ಓದೋಣ, ತಗೊಂಡ ಹೊತ್ತು ಬರೆದಿಡೋಣ. ಮುಂದಿನ ಸಲ ಡ್ರಾಯರ್ ತೆಗೆಯೋ ಮುಂಚೆ ಎರಡೇ ಪ್ರಶ್ನೆ ಕೇಳೋಣ: "ಊಟ ಮಾಡಿದ್ಯಾ ಮಗಾ? ಬೆಳಗ್ಗೆಯಿಂದ ಎಷ್ಟು ತಗೊಂಡೆ?"