ಪರರ ಪಾತ್ರ, ನಮ್ಮ ಲೇಖನಿ

ಮೆಚ್ಚಿದ ಕಥೆ ಮುಗಿದ ಮೇಲೂ ಅದರ ಪಾತ್ರಗಳನ್ನು ಬಿಡಲಾರದೆ, ಅವನ್ನೇ ಇಟ್ಟುಕೊಂಡು ತಾವೊಂದು ಹೊಸ ಕಥೆ ಕಟ್ಟುವವರು ಇಂದು ಅಸಂಖ್ಯ ಮಂದಿ. ಇಂಗ್ಲಿಷಿನವರು ಇದನ್ನು ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ನಾವು ಅಭಿಮಾನಿ ಕಥನ ಎನ್ನೋಣ. ಹ್ಯಾರಿ ಪಾಟರ್ ಕಾದಂಬರಿಗಳ ಡ್ರೇಕೊ ಮಾಲ್ಫಾಯ್ ಮೂಲದಲ್ಲಿ ಕುಹಕಿ, ಕುಲಗರ್ವಿ. ಅಭಿಮಾನಿ ಕಥೆಗಳಲ್ಲಿ ಅವನೇ ಎಷ್ಟೋ ಸಲ ನೊಂದ ಹೃದಯದ ಕೋಮಲ ಪ್ರೇಮಿ. ಅತ್ತ ಹರ್ಮಾಯಿನಿಯನ್ನು ಬೇರೊಬ್ಬನಿಗೆ ಜೋಡಿಸುವ ಅವಸರದಲ್ಲಿ, ಪಾಪದ ರಾನ್ ವೀಸ್ಲಿಯನ್ನು ದುಷ್ಟನನ್ನಾಗಿಸುವವರೂ ಉಂಟು. ಇದು ಪಾತ್ರಕ್ಕೆ ಬಗೆದ ಅನ್ಯಾಯವೆಂದು ಓದುಗರು ಆಕ್ಷೇಪಿಸಿದರೆ ಬರೆದವರಿಂದ ಆಗಾಗ ಬರುವ ಉತ್ತರ ಒಂದೇ: ಹಿಡಿಸದಿದ್ದರೆ ಓದಬೇಡಿ.

ಈ ಉತ್ತರ ಸಾಲದೆಂಬುದು ನನ್ನ ಅಭಿಪ್ರಾಯ. ಹಾಗೆಂದು ಆಕ್ಷೇಪಿಸುವವರೆಲ್ಲರ ಪಕ್ಷವೂ ನನ್ನದಲ್ಲ. 1973ರಲ್ಲಿ ಅಮೆರಿಕದ ಪೌಲಾ ಸ್ಮಿತ್ ಎಂಬಾಕೆ ಸ್ಟಾರ್ ಟ್ರೆಕ್ ಅಭಿಮಾನಿಗಳ ಪುಟ್ಟ ಪತ್ರಿಕೆಯೊಂದರಲ್ಲಿ ಮೇರಿ ಸ್ಯೂ ಎಂಬ ಹದಿಹರೆಯದ ಸರ್ವಗುಣಸಂಪನ್ನೆಯನ್ನು ಸೃಷ್ಟಿಸಿ, ಇಂಥ ಕಥೆಗಳನ್ನು ಚೆನ್ನಾಗಿ ಗೇಲಿ ಮಾಡಿದರು. ಗೇಲಿ ನ್ಯಾಯವಾಗಿಯೇ ಇತ್ತು. ಆದರೆ ಕಾಲಕ್ರಮದಲ್ಲಿ ಆ ಹೆಸರು ಬೈಗುಳವಾಯಿತು. ಧೈರ್ಯಸ್ಥೆಯಾದ ಯಾವ ಹೆಣ್ಣು ಕಥೆಯೊಳಗೆ ಕಾಲಿಟ್ಟರೂ ಅವಳ ಮೇಲೆ ಅದೇ ಮುದ್ರೆ ಬೀಳತೊಡಗಿತು. ಸಾಹಸಿ ಗಂಡು ಪಾತ್ರಗಳನ್ನು ಯಾರೂ ಹೀಗೆ ತೂಗಲಿಲ್ಲವಲ್ಲ ಎಂದು ಲೇಖಕಿಯರು ಕೇಳಿದ್ದು ಸರಿಯಾಗಿಯೇ ಇದೆ. ವಿಮರ್ಶೆಯೂ ಸೋಮಾರಿಯಾಗಬಲ್ಲದು.

ಕನ್ನಡಿಗರಿಗೆ ಈ ಜಗಳ ಹೊಸತೇನಲ್ಲ. 941ರಲ್ಲಿ ಪಂಪ ತನ್ನ ಭಾರತದಲ್ಲಿ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿದ. ಅದಕ್ಕೆ ತಕ್ಕಂತೆ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ಹಿಂದೆ ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಹಾಗಾದರೆ ಮುಡಿ ಕಟ್ಟುವವನು ಭೀಮನೇಕೆ ಸಾರ್? ಅರ್ಜುನನೇ ಕಟ್ಟಬೇಕಿತ್ತಲ್ಲ?" ಎಂದು ಕೇಳಿದ. ವಿದ್ವಾಂಸರು ಪುಟಗಟ್ಟಲೆ ಬರೆಯುವ ಮಾತನ್ನು ಅವನು ಎರಡು ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದ! ಪಂಪನಂಥ ಮಹಾಕವಿಯಲ್ಲೂ, ಪಾತ್ರದ ಒಳಗಿನಿಂದ ಬಾರದೆ ಹೊರಗಿನ ಕಾರಣಕ್ಕೆ ಮಾಡಿದ ಬದಲಾವಣೆಯ ಹೊಲಿಗೆ ಕಣ್ಣಿಗೆ ಬೀಳುತ್ತದೆ. ಅದೇ ಪಂಪ ಕರ್ಣನನ್ನು ಮುಟ್ಟಿದಾಗ ಅಂಥ ಹೊಲಿಗೆ ಎಲ್ಲಿಯೂ ಕಾಣದು. ಅಲ್ಲಿ ಅವನನ್ನು ನಡೆಸಿದ್ದು ಕರ್ಣನೇ.

ಇನ್ನೂ ಹತ್ತಿರದ ನಿದರ್ಶನ ಕುವೆಂಪು ಅವರ 'ಶೂದ್ರ ತಪಸ್ವಿ', 1944ರದು. ಉತ್ತರಕಾಂಡದಲ್ಲಿ ಬ್ರಾಹ್ಮಣ ಬಾಲಕನ ಅಕಾಲಮರಣಕ್ಕೆ ಶಂಬೂಕನ ತಪಸ್ಸೇ ಕಾರಣವೆಂದು ರಾಮ ಅವನ ತಲೆ ಕಡಿಯುತ್ತಾನೆ. ನಾಟಕದಲ್ಲಾದರೋ ರಾಮನ ಅಸ್ತ್ರ ತಪಸ್ವಿಯನ್ನು ಮುಟ್ಟದೆ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಅವನು ಪಶ್ಚಾತ್ತಾಪಪಟ್ಟು ಶಂಬೂಕನಿಗೆ ಮಣಿಯುತ್ತಾನೆ, ಮಗ ಬದುಕುತ್ತಾನೆ. ಮಾಸ್ತಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಳೆಯ ಕಥೆಯನ್ನು ಹೀಗೆ ತಿರುಗಿಸುವುದು ಸಲ್ಲದೆಂಬುದು ಅವರ ಆಕ್ಷೇಪದ ತಿರುಳು. ಕುವೆಂಪು ಉತ್ತರ ಕೊಟ್ಟರು. ಆದರೆ ನಿಜವಾದ ಉತ್ತರ ನಾಟಕದೊಳಗೇ ಇದೆಯೆಂದು ನನಗನಿಸುತ್ತದೆ. ರಾಮನನ್ನು ಧರ್ಮಮೂರ್ತಿಯೆಂದು ನಂಬುವುದಾದರೆ, ನಿರಪರಾಧಿ ತಪಸ್ವಿಯ ಮೇಲೆ ಅವನ ಕೈ ಹೇಗೆ ಏಳುತ್ತದೆ? ಈ ಪ್ರಶ್ನೆ ಹೊರಗಿನಿಂದ ತಂದದ್ದಲ್ಲ, ರಾಮನ ಪಾತ್ರದಲ್ಲೇ ಹುಟ್ಟುವಂಥದು. ಕಥೆ ಬದಲಾಯಿತು, ಆದರೆ ರಾಮ ಕೆಡಲಿಲ್ಲ.

ಮಾಸ್ತಿಯವರನ್ನು ಸಂಪ್ರದಾಯವಾದಿಯೆಂದು ತಳ್ಳಿಹಾಕುವುದು ಸುಲಭ, ನಾನದನ್ನು ಮಾಡಲಾರೆ. ಬುದ್ಧನ ಕಥೆಯ ಅಂಚಿನಲ್ಲಿ ನಿಂತಿದ್ದ ಯಶೋಧರೆಯನ್ನು ನಾಟಕದ ನಡುವೆ ತಂದು ನಿಲ್ಲಿಸಿದವರು ಅವರೇ. ಮೂಲಕಾರ ಬಿಟ್ಟ ಖಾಲಿ ಜಾಗವನ್ನು ತುಂಬುವುದು ಒಂದು, ಅವನು ಬರೆದದ್ದನ್ನು ಅಳಿಸಿ ಬರೆಯುವುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚಿನ ಹೊಣೆಯುಂಟು.

ಜೀವಂತ ಲೇಖಕರ ಪಾತ್ರಗಳ ವಿಷಯ ತುಸು ಬೇರೆ. ರೌಲಿಂಗ್ ಅಭಿಮಾನಿ ಕಥೆಗಳನ್ನು ಬಹುಮಟ್ಟಿಗೆ ಸಹಿಸಿಕೊಂಡರು. ರಕ್ತಪಿಶಾಚಿಗಳ ಕಾದಂಬರಿ ಬರೆದ ಆನ್ ರೈಸ್ 2000ದಲ್ಲಿ, ನನ್ನ ಪಾತ್ರಗಳನ್ನು ಮುಟ್ಟಕೂಡದೆಂದು ಖಡಾಖಂಡಿತವಾಗಿ ಹೇಳಿದರು. ಆಕೆಯ ಸಂಕಟ ಅರ್ಥವಾಗುತ್ತದೆ. ಹೆತ್ತ ಮಗುವನ್ನು ನೆರೆಯವರು ತಿದ್ದಲು ಬಂದರೆ ಯಾರಿಗೆ ತಾನೆ ಹಿತ?

ಇನ್ನು ರಾನ್ ವೀಸ್ಲಿಯ ಮಾತು. 2007ರಲ್ಲಿ ಬಂದ ಕೊನೆಯ ಪುಸ್ತಕದಲ್ಲಿ ಅವನು ಒಂದು ರಾತ್ರಿ ಮುನಿದು ಗೆಳೆಯರನ್ನು ತೊರೆದು ಹೋಗುತ್ತಾನೆ, ಬಳಿಕ ನಾಚಿಕೊಂಡು ಮರಳುತ್ತಾನೆ. ಅವನ ಅಸೂಯೆಯೂ ಕೀಳರಿಮೆಯೂ ಮೂಲದಲ್ಲೇ ಇವೆ. ಆ ರಾತ್ರಿ ಹೋದವನು ಮರಳಿ ಬಾರದಿದ್ದರೆ ಏನಾಗುತ್ತಿತ್ತು? ಅವನನ್ನು ದುಷ್ಟನನ್ನಾಗಿಸಬಯಸುವವರು ಅಲ್ಲಿಂದ ಆರಂಭಿಸಿ ಬರೆಯಲಿ. ಆ ಕಥೆಯನ್ನು ನಾನೂ ಓದುತ್ತೇನೆ.