ಆನ್‌ಲೈನ್ ಸಂತೆಯಲ್ಲಿ ಮಾರುವವರ ಗತಿ

ಆನ್‌ಲೈನ್ ವ್ಯಾಪಾರದ ಮಾತು ಬಂದರೆ ನಾವು ಗಿರಾಕಿಯ ಬಗ್ಗೆಯೇ ಮಾತಾಡುತ್ತೇವೆ. ರಿಯಾಯಿತಿ ಸಿಕ್ಕಿತೇ, ಹಣ ವಾಪಸ್ ಬಂತೇ ಎಂಬುದಷ್ಟೇ ನಮ್ಮ ಚಿಂತೆ. ಆ ಮಾಲನ್ನು ಅಲ್ಲಿಟ್ಟು ಮಾರುತ್ತಿರುವವರು ಯಾರು, ಅವರಿಗೂ ಕಂಪೆನಿಗೂ ಎಂಥ ಸಂಬಂಧ ಎಂದು ನಾವು ಕೇಳುವುದಿಲ್ಲ. ಸರಕಾರ ಕೇಳಿದೆ, ಆದರೆ ಹೆಚ್ಚಾಗಿ ತೆರಿಗೆಯ ವಿಷಯದಲ್ಲಿ.

ಕಲಬುರಗಿಯಲ್ಲಿ ಮನೆಯಲ್ಲೇ ಹಿಜಾಬ್ ಹೊಲಿದು ಮಾರುವ ಒಬ್ಬ ಹೆಣ್ಣುಮಗಳಿದ್ದಾಳೆ ಎಂದಿಟ್ಟುಕೊಳ್ಳಿ. ಊರಲ್ಲೇ ಅಂಗಡಿಯಿಟ್ಟು ಮಾರಿದರೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವ ತನಕ ಅವಳಿಗೆ ಜಿಎಸ್‌ಟಿ ನೋಂದಣಿ ಬೇಡ. ಅದೇ ಹಿಜಾಬನ್ನು ಆನ್‌ಲೈನ್ ಕಂಪೆನಿಯ ಮೂಲಕ ಮಾರಲು 2023ರ ಸೆಪ್ಟೆಂಬರ್‌ವರೆಗೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯವಿತ್ತು. ಅಕ್ಟೋಬರ್‌ನಿಂದ ಸಣ್ಣವರಿಗೆ ವಿನಾಯಿತಿ ಬಂತು. ಆದರೆ ಮಾಲು ರಾಜ್ಯದ ಗಡಿ ದಾಟುವಂತಿಲ್ಲ. ಅಂದರೆ ಅವಳು ದೂರದ ಕೋಲಾರಕ್ಕೆ ಕಳಿಸಬಹುದು, ಪಕ್ಕದ ಸೊಲ್ಲಾಪುರಕ್ಕೆ ಕಳಿಸುವಂತಿಲ್ಲ! ಇದನ್ನು ಬರೆದ ಅಧಿಕಾರಿಗಳು ಭೂಪಟ ನೋಡಿದ್ದರೋ ಇಲ್ಲವೋ. ಇನ್ನು ನೋಂದಾಯಿಸಿಕೊಂಡವರಿಗೆ ಕೊಡಬೇಕಾದ ಹಣದಲ್ಲೇ ಕಂಪೆನಿ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟುತ್ತದೆ. 2018ರ ಅಕ್ಟೋಬರ್‌ನಿಂದ ಶೇಕಡಾ 1 ಇದ್ದದ್ದು 2024ರ ಜುಲೈಯಲ್ಲಿ ಅರ್ಧಕ್ಕೆ ಇಳಿಯಿತು.

ಹೀಗೆ ಕಂಪೆನಿಯನ್ನು ತನ್ನ ವಸೂಲಿದಾರನಾಗಿ ಮಾಡಿಕೊಂಡ ಸರಕಾರ, ಅದೇ ಕಂಪೆನಿ ಒಂದು ಬೆಳಿಗ್ಗೆ ಅವಳ ಖಾತೆ ಮುಚ್ಚಿದರೆ ಏನು ಹೇಳುತ್ತದೆ? 2018ರ ಡಿಸೆಂಬರ್‌ನಲ್ಲಿ ಬಂದ ವಿದೇಶಿ ಹೂಡಿಕೆಯ ನಿಯಮ, ಮಾರಾಟಗಾರರಲ್ಲಿ ಭೇದ ಮಾಡಬಾರದು ಎನ್ನುತ್ತದೆ. 2020ರ ಇ-ಕಾಮರ್ಸ್ ನಿಯಮಗಳು ಮುಖ್ಯವಾಗಿ ಗ್ರಾಹಕರಿಗಾಗಿ ಬಂದವು. ಮುಚ್ಚುವ ಮುನ್ನ ನೋಟಿಸ್ ಕೊಡಬೇಕು, ಕಾರಣ ತಿಳಿಸಬೇಕು ಎಂಬ ಮಾತು ಎರಡರಲ್ಲೂ ಇಲ್ಲ. ಎಪಿಎಂಸಿಯ ದಲ್ಲಾಳಿಯನ್ನು ನಾವು ಎಷ್ಟೋ ಬೈದಿದ್ದೇವೆ. ಆದರೂ ಅವನಿಗೊಂದು ಲೈಸೆನ್ಸ್ ಇರುತ್ತದೆ, ಒಂದು ಮುಖವಿರುತ್ತದೆ, ಜಗಳವಾದರೆ ಸಮಿತಿಯ ಕಚೇರಿ ಅದೇ ಅಂಗಳದಲ್ಲಿರುತ್ತದೆ.

ನಮ್ಮದೇ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಡೆಲಿವರಿ ಹುಡುಗನನ್ನು ಕೆಲಸದಿಂದ ತೆಗೆಯಬೇಕಾದರೆ ಸಾಮಾನ್ಯವಾಗಿ 14 ದಿನ ಮೊದಲೇ ಲಿಖಿತ ಕಾರಣದೊಂದಿಗೆ ನೋಟಿಸ್ ಕೊಡಬೇಕು. ಒಳ್ಳೆಯ ಕೆಲಸ, ನಾವು ಸ್ವಾಗತಿಸುತ್ತೇವೆ. ಆದರೆ ಅವನು ಹೊತ್ತೊಯ್ಯುವ ಪೊಟ್ಟಣದ ಒಳಗಿರುವುದನ್ನು ಹೊಲಿದವಳಿಗೆ ಆ ಹದಿನಾಲ್ಕು ದಿನವೂ ಇಲ್ಲ. ಅವಳು ಕಾರ್ಮಿಕಳಲ್ಲ, ಗ್ರಾಹಕಳೂ ಅಲ್ಲ.

ಇಂಥ ಕಾನೂನು ತಂದರೆ ಕಂಪೆನಿಗಳು ಓಡಿಹೋಗುತ್ತವೆ ಎಂದು ಹೆದರಿಸುವವರಿದ್ದಾರೆ. ಐರೋಪ್ಯ ಒಕ್ಕೂಟ 2019ರಲ್ಲೇ ಇದನ್ನು ತಂದಿತು. ಅಲ್ಲಿ ಮಾರಾಟಗಾರನ ಖಾತೆಯನ್ನು ಪೂರ್ತಿ ಮುಚ್ಚಬೇಕಾದರೆ, ಕೆಲವು ಸಂದರ್ಭಗಳನ್ನು ಬಿಟ್ಟು, ಕನಿಷ್ಠ 30 ದಿನ ಮೊದಲು ಕಾರಣ ಬರೆದು ಕೊಡಬೇಕು. 2020ರ ಜುಲೈಯಿಂದ ಅದು ಜಾರಿಯಲ್ಲಿದೆ. ಅಮೆಜಾನ್ ಅಲ್ಲಿ ಇಂದಿಗೂ ವ್ಯಾಪಾರ ಮಾಡುತ್ತಲೇ ಇದೆ.