ವಿಡಿಯೋ ಆಟ: ದೂಷಣೆಗೆ ಅರ್ಹರು ಯಾರು?

ವಿಡಿಯೋ ಆಟವೆಂದೊಡನೆ ಕಿವಿ ಮುಚ್ಚಿಕೊಳ್ಳುವ ವಿದ್ಯಾವಂತ ಗೃಹಸ್ಥರು ಆಟಕ್ಕೂ ಜೂಜಿಗೂ ಇರುವ ಭೇದವನ್ನೇ ಮರೆತಿರುವರು. ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಶಾಸನದಿಂದ ನಿಷೇಧಿಸಿತು. ಅದೇ ಶಾಸನವು ಪಣವಿಲ್ಲದ ಆಟಗಳಿಗೆ ಪ್ರೋತ್ಸಾಹವನ್ನೂ ವಿಧಿಸಿತು. ಋಗ್ವೇದದ ಅಕ್ಷಸೂಕ್ತವು ಹಳಿದುದೂ ದ್ಯೂತವನ್ನೇ ಹೊರತು ಕ್ರೀಡೆಯನ್ನಲ್ಲ. ಈ ವಿವೇಕವು ಮನೆಯ ಹಿರಿಯರಿಗೆ ಬೇಡವೆ?

ನಾಚಬೇಕಾದ ಸಂಗತಿಯು ಬೇರೊಂದಿದೆ. 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯು ಪರದೇಶದ ಆಟಗಳಿಗೆ ಚಿತ್ರ ರಚಿಸಿಕೊಡುವುದರಲ್ಲಿ ಹೆಸರು ಪಡೆದು, ಸ್ವೀಡನ್ನಿನ ಕಂಪೆನಿಯೊಂದರ ಕೈಸೇರಿ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರಿನ ಪಾಲಾಯಿತು. ಕುಂಚವು ನಮ್ಮದು, ಕಥೆಯು ಅವರದು! ನಮ್ಮಲ್ಲಿ ಕಥೆಗೆ ಬರವೆ? ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯನ್ನೇ ನೋಡಿರಿ. ಸೀತಾದೇವಿಯ ಮೂಗುತಿಯ ಮುತ್ತು ಕಾವೇರಿಯ ಮಡುವಿಗೆ ಬೀಳಲು, ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನೆತ್ತಿ ಮುತ್ತೆತ್ತರಾಯನಾದನೆಂಬುದು ಸ್ಥಳಪುರಾಣವು. ಸುಳಿ, ಬಂಡೆ, ಮೊಸಳೆ, ಕಳೆದುಹೋದ ಮುತ್ತು: ಆಟ ಕಟ್ಟುವವನಿಗೆ ಇನ್ನೇನು ಬೇಕು? (ಆಟದ ಮಡುವಿನಲ್ಲಿ ಮುಳುಗಿದವನು ಮರಳಿ ಏಳುವನು, ನಿಜವಾದ ಮುತ್ತತ್ತಿಯ ಸುಳಿಗೆ ಆ ದಯೆಯಿಲ್ಲ.)

ಪುಣೆಯ ತರುಣರು 2020ರಲ್ಲಿ ‘ರಾಜಿ’ಯೆಂಬ ಆಟದೊಳಗೆ ದುರ್ಗೆಯನ್ನೂ ವಿಷ್ಣುವನ್ನೂ ತಂದು ಲೋಕಕ್ಕೆ ತೋರಿಸಿದರು. ಕನ್ನಡದ ಹುಡುಗನು ಅಂಥ ಕಾರ್ಯಕ್ಕೆ ಕೈಯಿಕ್ಕಿದರೆ ಮೊದಲ ಅಡ್ಡಿಯು ಮನೆಯಲ್ಲಿಯೇ. “ಇಂಜಿನಿಯರಿಂಗ್ ಓದಿಸಿದುದು ಆಟ ಕಟ್ಟುವುದಕ್ಕೇನೋ?” ಎಂದು ಗದರಿಸುವ ತಂದೆಯೇ, ಮಗನು ಪರದೇಶದ ಆಟಕ್ಕೆ ಬಣ್ಣ ಬಳಿದು ಸಂಬಳ ತಂದರೆ ಬೀದಿಗೆಲ್ಲ ಹೇಳಿಕೊಂಡು ಬರುವನು.